ಮುಖವೇ ಇಲ್ಲದ ಸೇನಾಪತಿ

ಪ್ರಶ್ನೆ: ರೋಮಿನ ಪಲಾಝೊ ಮಾಸ್ಸಿಮೊ ಮ್ಯೂಸಿಯಂನಲ್ಲಿ ಯುದ್ಧದ ದೃಶ್ಯ ಕೆತ್ತಿದ ದೊಡ್ಡ ಶವಪೆಟ್ಟಿಗೆ ನೋಡಿದೆ. ಸುತ್ತ ಇರುವವರಿಗೆಲ್ಲ ಮುಖ ಇದೆ, ನಡುವೆ ಕುದುರೆ ಮೇಲಿರುವ ಸೇನಾಪತಿಗೆ ಮಾತ್ರ ಇಲ್ಲ. ಯಾರಾದರೂ ಒಡೆದುಹಾಕಿದ್ದಾ?
- ಒಬ್ಬ ಓದುಗರು, ಹಾಸನ

ಉತ್ತರ: ಒಡೆದಿಲ್ಲ, ಕೆತ್ತಿಯೇ ಇಲ್ಲ! ನೀವು ನೋಡಿದ್ದು ಪೋರ್ಟೊನಾಚ್ಚೊ ಶವಪೆಟ್ಟಿಗೆ. ಕ್ರಿ.ಶ. 180ರ ಸುಮಾರಿನದು, ಸಿಕ್ಕಿದ್ದು 1931ರಲ್ಲಿ. ಅದರ ಮುಚ್ಚಳ ಗಮನಿಸಿದಿರಾ? ಅಲ್ಲಿ ಗಂಡ ಹೆಂಡತಿ ಕೈ ಹಿಡಿದು ನಿಂತಿದ್ದಾರೆ. ಅವರ ಮುಖದ ಜಾಗದಲ್ಲೂ ಬರೀ ಒರಟು ಕಲ್ಲು.

ಅದಕ್ಕೂ ಮೊದಲು ರೋಮನ್ನರು ಜಾಸ್ತಿ ಹೆಣ ಸುಡುತ್ತಿದ್ದರು, ಬೂದಿಗೆ ಒಂದು ಚಿಕ್ಕ ಪಾತ್ರೆ ಸಾಕಾಗುತ್ತಿತ್ತು. 2ನೇ ಶತಮಾನದಲ್ಲಿ ಹೂಳುವ ರೂಢಿ ಹೆಚ್ಚಿತು. ಉಳ್ಳವರು ಅಮೃತಶಿಲೆಯ ಪೆಟ್ಟಿಗೆ ಮಾಡಿಸತೊಡಗಿದರು. ಕಥೆ, ಹೂಮಾಲೆ, ಬೇಟೆ, ಯುದ್ಧ ಎಲ್ಲ ಕೆತ್ತಿಟ್ಟು, ಸತ್ತವರ ಮುಖವನ್ನು ಕೊನೆಗೆ ಬಿಡುವುದಿತ್ತು. ಹೋಲಿಕೆ ಬರಬೇಕಲ್ವಾ! ಫ್ರಾನ್ಸಿನ ಬೋರ್ಡೊ ಹತ್ತಿರ ಸಿಕ್ಕ, ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ಪೆಟ್ಟಿಗೆಯಲ್ಲೂ ಮಲಗಿರುವ ಅರಿಯಾಡ್ನೆಗೆ (ಗ್ರೀಕ್ ಪುರಾಣದ ರಾಜಕುಮಾರಿ) ಮುಖ ಮೂಡಿಲ್ಲ.

ಹಾಗಾದರೆ ಆಮೇಲಾದರೂ ಯಾಕೆ ಮುಗಿಸಲಿಲ್ಲ? ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಅಂಗಡಿಯಲ್ಲಿ ರೆಡಿ ಇದ್ದದ್ದನ್ನು ಅವಸರದಲ್ಲಿ ಕೊಂಡರು ಅನ್ನುವವರಿದ್ದಾರೆ. ಸಣ್ಣ ಪೆಟ್ಟಿಗೆಗಳ ಮಟ್ಟಿಗೆ ಒಪ್ಪಬಹುದು. ಇಷ್ಟು ದುಬಾರಿ ಕೆಲಸವನ್ನು ಯಾರಾದರೂ ಸುಮ್ನೆ ಹೋಗಿ ಕೊಂಡು ತಂದಾರೆಯೇ? ನನಗೆ ನಂಬಿಕೆ ಬರುವುದಿಲ್ಲ. ಸಾವು ಬೇಗ ಬಂತು, ಪೆಟ್ಟಿಗೆ ಸಮಾಧಿಯೊಳಗೆ ಹೋಯಿತು, ಆಮೇಲೆ ಉಳಿ ಹಿಡಿದು ಒಳಗೆ ಹೋಗುವವರು ಯಾರು? ನನ್ನ ಊಹೆ ಇಷ್ಟೇ.

ಅಂದ ಹಾಗೆ, ರೋಮಿನಲ್ಲಿ ಇವನ್ನು ಗೋಡೆಗೆ ಒರಗಿಸಿ ಇಡುತ್ತಿದ್ದರು, ಹಾಗಾಗಿ ಹಿಂಬದಿ ಕೆತ್ತುವ ಗೋಜಿಗೆ ಹೋಗುತ್ತಿರಲಿಲ್ಲ. ಅಥೆನ್ಸಿನವು ನಾಲ್ಕೂ ಕಡೆ ಕೆತ್ತಿದವು. ಈಗ ಬಿಳಿಯಾಗಿ ಕಾಣುವ ಈ ಕಲ್ಲುಗಳಿಗೆ ಆಗ ಬಣ್ಣ ಬಳಿಯುತ್ತಿದ್ದರು.

ಇನ್ನೊಮ್ಮೆ ಹೋದರೆ ಮುಂಭಾಗದ ಎರಡು ಅಂಚು ನೋಡಿ. ಅಲ್ಲಿ ಸೋತ ಕಡೆಯವರು, ಒಂದೊಂದು ಗಂಡು-ಹೆಣ್ಣಿನ ಜೋಡಿ, ಸೆರೆ ಸಿಕ್ಕು ನಿಂತಿದ್ದಾರೆ. ದುಡ್ಡು ಕೊಟ್ಟ ಯಜಮಾನನಿಗೆ ಇಲ್ಲದ ಮುಖ ಇವರಿಗಿದೆ. ಆ ದುಃಖವನ್ನು ಶಿಲ್ಪಿ ಎಷ್ಟು ನಿಧಾನವಾಗಿ ಕೂತು ಕೆತ್ತಿದ್ದಾನೆ ನೋಡಿ.