ಚಾರ್ಟ್ ಸರಿಯಾಗೇ ಇತ್ತು, ಆದರೂ...

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಪೋಷಣಾ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದ ಹುಡುಗಿ. ನನ್ನ ಹತ್ತಿರ ಬಂದವಳೇ, "ಈ ಫೀಲ್ಡೇ ಬೇಡ ಮೇಡಂ" ಅಂದಳು.

ಶುಗರ್ ಇದ್ದ ಒಬ್ಬ ಗಾರೆ ಕೆಲಸದವರಿಗೆ ಊಟದ ಚಾರ್ಟ್ ಬರೆದುಕೊಟ್ಟಿದ್ದಳು. ಬೆಳಿಗ್ಗೆ ಓಟ್ಸ್, ಸಂಜೆ ಸಲಾಡ್. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಅಡುಗೆ ಎಲ್ಲ ಸೊಸೆದೇ ತಾಯಿ" ಅಂದರಂತೆ. ಮತ್ತೆ ಬಂದಾಗ ಶುಗರ್ ಇಳಿದಿರಲಿಲ್ಲ. ಹಿರಿಯ ಡಯಟಿಷಿಯನ್ ವಾರ್ಡಿನಲ್ಲಿ ಎಲ್ಲರೆದುರೇ ಗದರಿದರು. ಕಲಿಯೋ ಮಕ್ಕಳನ್ನು ರೋಗಿಗಳ ಮುಂದೆ ಬೈಯೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅವಳ ಅಳು ಬರೀ ಆ ಬೈಗುಳದ್ದಲ್ಲ. ಅಪ್ಪ ಈಗಲೂ ನೆಂಟರಿಗೆ, "ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಅದಕ್ಕೇ ಇದು" ಅಂತಾರಂತೆ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡೋಣ ಅಂದೆ.

ಊಟದ ವಿಷಯ ನನಗಿಂತ ಅವಳಿಗೇ ಜಾಸ್ತಿ ಗೊತ್ತು. ನಾನು ಸುಮ್ನೆ ಒಂದು ಪ್ರಶ್ನೆ ಕೇಳಿದೆ: "ಅವರು ದಿನಕ್ಕೆ ಎಷ್ಟು ಟೀ ಕುಡೀತಾರೆ?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳೇ, "24 ಗಂಟೆ ರೀಕಾಲ್ ತಗೊಂಡೇ ಇಲ್ಲ" ಅಂದಳು. ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಏನೇನು ತಿಂದಿರಿ, ಕುಡಿದಿರಿ, ಎಷ್ಟೆಷ್ಟು ಅಂತ ಕೇಳಿ ಬರೆದುಕೊಳ್ಳೋದು. ಕ್ಲಾಸಿನಲ್ಲಿ ಕಲಿತದ್ದೇ. ವಾರ್ಡಿನ ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು.

ನಾನು ಹೇಳಿದ್ದು ಇಷ್ಟು. ಮುಂದಿನ ಸಲ ಸೊಸೆಯನ್ನೂ ಕರೆಸು. ಮುದ್ದೆ ಎಷ್ಟು ದಪ್ಪ ಅಂತ ಕೈಯಲ್ಲೇ ತೋರಿಸಲಿ. ರೇಷನ್ ಅಕ್ಕಿ ತಿನ್ನುವ ಮನೆಗೆ ಓಟ್ಸ್ ಬರೆಯಬೇಡ. ಆ ಹಿರಿಯ ಡಯಟಿಷಿಯನ್ ಹತ್ತಿರ ಬೇರೆಯಾಗಿ ಹತ್ತು ನಿಮಿಷ ಕೇಳು, ಇದೇ ಕೇಸ್ ಬರೆದುಕೊಂಡು ಹೋಗು. ಇಂಟರ್ನ್‌ಶಿಪ್ ಮುಗಿಯೋವರೆಗೆ ಬಿಡೋ ಮಾತು ಬೇಡ. ಅದಿಲ್ಲದೆ ರಿಜಿಸ್ಟರ್ಡ್ ಡಯಟಿಷಿಯನ್ ಪರೀಕ್ಷೆಗೆ ಕೂರೋಕಾಗಲ್ಲ, ಅಲ್ವಾ?

ಅಪ್ಪನಿಗೆ ವಾದ ಬೇಡ, ಮಾಹಿತಿ ಕೊಡು ಅಂದೆ. 2021ರ ಕೇಂದ್ರ ಕಾಯ್ದೆ ಡಯಟಿಷಿಯನ್‌ರನ್ನು ಆರೋಗ್ಯ ವೃತ್ತಿಪರರ ಪಟ್ಟಿಯಲ್ಲೇ ಸೇರಿಸಿದೆ. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರ ತೋರಿಸು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇರುವ, ಅಂದರೆ ತೀವ್ರ ಅಪೌಷ್ಟಿಕತೆಯ ಪುಟ್ಟ ಮಕ್ಕಳು ಅಲ್ಲಿರುತ್ತಾರೆ. ಅವರಿಗೆ ಊಟವೇ ಚಿಕಿತ್ಸೆಯ ದೊಡ್ಡ ಭಾಗ.

ಆಮೇಲೊಮ್ಮೆ ಫೋನ್ ಮಾಡಿದ್ದಳು. ಸೈಟಿನಲ್ಲಿ ದಿನಕ್ಕೆ ಆರು ಟೀ, ಎಲ್ಲಕ್ಕೂ ಸಕ್ಕರೆ. ಸೊಸೆಗೂ ಗೊತ್ತಿರಲಿಲ್ಲವಂತೆ. ಅಪ್ಪ ಇನ್ನೂ ಹಾಗೇ ಇದ್ದಾರೆ. ಇವಳು ಪರೀಕ್ಷೆಗೆ ಓದುತ್ತಿದ್ದಾಳೆ.