ಸ್ಕ್ಯಾನ್ ನಾರ್ಮಲ್ ಬಂದಿದೆ, ಮತ್ತೆ ಇವನಿಗೇನಾಗಿದೆ?

ಜುಲೈ ತಿಂಗಳು. ತೀರ್ಥಹಳ್ಳಿ ಕಡೆಯಿಂದ ಗಂಡ ಹೆಂಡತಿ ಶಿವಮೊಗ್ಗಕ್ಕೆ ನನ್ನ ಹತ್ತಿರ ಬಂದಿದ್ದರು. ತಾವು ನೆನೆದಿದ್ದರೂ ಎಂಆರ್‌ಐ ಫಿಲ್ಮಿನ ದೊಡ್ಡ ಕವರಿಗೆ ಒಂದು ಹನಿ ತಾಗದ ಹಾಗೆ ಪ್ಲಾಸ್ಟಿಕ್ ಸುತ್ತಿ ತಂದಿದ್ದರು. ಜೊತೆಗೆ ಹನ್ನೊಂದು ವರ್ಷದ ಮಗ. ಪುಟ್ಟು ಅಂತ ಕರೆಯೋಣ. ಹೆಸರು, ಊರು, ಒಂದೆರಡು ವಿವರ ಬದಲಿಸಿದ್ದೇನೆ.

ಪುಟ್ಟು ಒಳಗೆ ಬಂದವನೇ ಕವರ್ ಕಸಿದುಕೊಂಡು, ಒಂದು ಫಿಲ್ಮ್ ತೆಗೆದು ಕಿಟಕಿಗೆ ಹಿಡಿದ. ಅದರಲ್ಲಿದ್ದ ಚಿತ್ರಗಳನ್ನು ಸಾಲಾಗಿ ಎಣಿಸಿದ. "ಇಪ್ಪತ್ತು" ಅಂದ. ಎರಡನೆಯದನ್ನು ಅರ್ಧ ಎಣಿಸಿ, ಅಲ್ಲೇ ಬಿಟ್ಟು ಫ್ಯಾನ್ ಸ್ವಿಚ್ಚಿನ ಕಡೆ ಹೋದ. ಅಪ್ಪ ಫಿಲ್ಮ್ ಎತ್ತಿಡಲು ಕೈ ಹಾಕಿದರೆ ಜೋರಾಗಿ ಚೀರಿದ. ಅವನಿಗೆ ಅದು ಬೇಡ, ಆದರೆ ಅದು ಅಲ್ಲಿಂದ ಕದಲಲೂ ಬಾರದು.

ನಾಲ್ಕನೇ ವಯಸ್ಸಿಗೆ ಆಟಿಸಂ ಅಂತ ಗೊತ್ತಾಗಿತ್ತು, ಅಂದರೆ ಬೇರೆಯವರ ಜೊತೆ ಬೆರೆಯುವುದು, ಸದ್ದು, ಬದಲಾವಣೆ ಇಂಥದ್ದು ಕಷ್ಟವಾಗುವ ಸ್ಥಿತಿ. ಹೋದ ವರ್ಷ ಇನ್ನೊಬ್ಬ ಡಾಕ್ಟರು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ ಕೂಡ ಇದೆ ಅಂದಿದ್ದರು. "ಒಂದು ಸಾಲ್ದು ಅಂತ ಇನ್ನೊಂದಾ?" ಅಂತ ತಾಯಿ ಕೇಳಿದರು. ಎರಡೂ ಒಟ್ಟಿಗೆ ಇರುವುದು ಹೊಸದೇನಲ್ಲ. ಆದರೆ 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂ ಇದ್ದವರಿಗೆ ಎಡಿಎಚ್‌ಡಿ ಅಂತಲೂ ಬರೆಯಲು ಅವಕಾಶ ಇರಲಿಲ್ಲ. ಆ ವರ್ಷ ಬಂದ ಐದನೇ ಆವೃತ್ತಿ ಆ ನಿರ್ಬಂಧವನ್ನು ತೆಗೆದುಹಾಕಿತು.

ಗಲಾಟೆ ಇದ್ದದ್ದು ಸ್ಕ್ಯಾನಿನ ಬಗ್ಗೆ. ತಂದೆ ಅಂದರು, "ನಾರ್ಮಲ್ ಅಂತ ಬರೆದಿದ್ದಾರೆ ಮೇಡಂ. ಅಂದ್ರೆ ಇವನಿಗೇನೂ ಇಲ್ಲ, ಸುಮ್ನೆ ಹಠ. ಎರಡು ಬಿಟ್ರೆ ಸರಿ ಹೋಗ್ತಾನೆ." ತಾಯಿ ಫೋನಿನಲ್ಲಿ ಓದಿದ್ದರು, ಇಂಥ ಮಕ್ಕಳ ಮೆದುಳಿನ ರಚನೆಯೇ ಬೇರೆ ಅಂತ. ಹಾಗಾಗಿ ಈ ಸ್ಕ್ಯಾನ್ ಸರಿಯಿಲ್ಲ, ಇನ್ನೂ ದೊಡ್ಡ ಕಡೆ ಮಾಡಿಸಬೇಕು ಅನ್ನುವುದು ಅವರ ಹಠ. ಮಾತಾಡುತ್ತಾ ಹೋದಂತೆ ಇನ್ನೊಂದು ವಿಷಯ ಹೊರಬಂತು. ಅವರಿಗೆ ಬೇಕಿದ್ದದ್ದು ಅತ್ತೆಗೆ ತೋರಿಸಲು ಒಂದು ಕಾಗದ. "ನೀನೇ ಮುದ್ದು ಮಾಡಿ ಕೆಡಿಸಿದ್ದು" ಅಂತ ಏಳು ವರ್ಷ ಕೇಳಿಸಿಕೊಂಡವರು ಅವರು.

ತಾಯಿ ಓದಿದ್ದು ಸುಳ್ಳಲ್ಲ. ತಂದೆಯ ಕೈಯಲ್ಲಿದ್ದ ವರದಿಯೂ ಸುಳ್ಳಲ್ಲ. ಎರಡೂ ಹೇಗೆ ನಿಜ ಅಂತ ಹೇಳಲು ಅಡಿಕೆ ಹಿಡಿದೆ. ಅವರದ್ದು ಅಡಿಕೆ ತೋಟ.

"ಒಂದೇ ಒಂದು ಅಡಿಕೆ ಕೊಟ್ರೆ ಯಾವ ತೋಟದ್ದು ಅಂತ ಹೇಳ್ತೀರಾ?"

"ಅದು ಹ್ಯಾಗೆ ಮಾರಾಯ್ರೆ ಆಗುತ್ತೆ?"

"ಎರಡು ತೋಟದಿಂದ ಸಾವಿರ ಸಾವಿರ ಅಡಿಕೆ ತಂದು ತೂಗಿದ್ರೆ?"

"ಆಗ ಗೊತ್ತಾಗುತ್ತೆ. ನೀರು ಕಮ್ಮಿ ಇರೋ ತೋಟದ್ದು ಸ್ವಲ್ಪ ಹಗುರ ಬರುತ್ತೆ."

ಮೆದುಳಿನ ಅಧ್ಯಯನಗಳೂ ಹಾಗೇ. ಎನಿಗ್ಮಾ ಎಂಬ ಅಂತಾರಾಷ್ಟ್ರೀಯ ತಂಡ 2017ರಲ್ಲಿ ಎಡಿಎಚ್‌ಡಿ ಇರುವ 1713 ಜನ, ಇಲ್ಲದ 1529 ಜನರ ಸ್ಕ್ಯಾನ್ ಸೇರಿಸಿ ನೋಡಿತು. ಅಮಿಗ್ಡಲಾದಂಥ ಮೆದುಳಿನ ಒಳಭಾಗಗಳು ಎಡಿಎಚ್‌ಡಿ ಇರುವವರಲ್ಲಿ ಸರಾಸರಿಯಲ್ಲಿ ಒಂಚೂರು ಚಿಕ್ಕವಿದ್ದವು. ಅದೂ ಮಕ್ಕಳಲ್ಲಿ, ದೊಡ್ಡವರಲ್ಲಿ ಕಾಣಲಿಲ್ಲ. 2018ರಲ್ಲಿ ಅದೇ ಬಳಗ ಆಟಿಸಂ ಇರುವ 1571 ಜನರನ್ನು ನೋಡಿದಾಗ ಮೆದುಳಿನ ಹೊರಪದರ ಮುಂಭಾಗದಲ್ಲಿ ಸ್ವಲ್ಪ ದಪ್ಪ, ಕಿವಿಯ ಪಕ್ಕದ ಭಾಗದಲ್ಲಿ ಸ್ವಲ್ಪ ತೆಳು ಇತ್ತು. ಇದೆಲ್ಲ ರಾಶಿಯ ಲೆಕ್ಕ. ಒಬ್ಬ ಹುಡುಗನ ಫಿಲ್ಮ್ ನೋಡಿ ಆಟಿಸಂ ಇದೆ, ಎಡಿಎಚ್‌ಡಿ ಇದೆ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡುವುದು ಗೆಡ್ಡೆ, ಗಾಯ, ಫಿಟ್ಸಿಗೆ ಕಾರಣ ಇಂಥದ್ದನ್ನು ಹುಡುಕಲು. ಅವು ಇಲ್ಲ ಅಂತಲೇ 'ನಾರ್ಮಲ್'.

ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಎರಡೂ ಇದೆ ಅಂತ ಹ್ಯಾಗೆ ಗೊತ್ತಾಯ್ತು?" ಅಂದರು. ಒಳ್ಳೆ ಪ್ರಶ್ನೆ.

ಶಾಲೆಯ ದೂರು ಒಂದೇ: ಕ್ಲಾಸಿನಿಂದ ಓಡಿಹೋಗುತ್ತಾನೆ. ಯಾವಾಗ ಅಂತ ಕೆದಕಿದೆ. ಅವನ ಕ್ಲಾಸಿಗೆ ಶೀಟಿನ ಮಾಡು. ಮಲೆನಾಡಿನ ಮಳೆ ಶೀಟಿನ ಮೇಲೆ ಬಿದ್ದರೆ ಮೇಷ್ಟ್ರ ಮಾತೇ ಕೇಳುವುದಿಲ್ಲ. "ಓಡುವಾಗ ಕಿವಿ ಮುಚ್ಚಿಕೊಂಡಿರ್ತಾನಾ?" ತಾಯಿ ತಟ್ಟನೆ ಹೌದು ಅಂದರು. ಸರಿ, ಮಳೆ ಇಲ್ಲದ ದಿನ? ಆಗಲೂ ಒಂದು ಪೀರಿಯಡ್‌ಗೆ ಮೂರು ಸಲ ಏಳುತ್ತಾನೆ, ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಾನೆ. ಕಿವಿ ಮುಚ್ಚಿರುವುದಿಲ್ಲ. ಮೊದಲನೆಯದು ಸದ್ದು ತಡೆಯಲಾಗದ ಓಟ. ಎರಡನೆಯದು ಕೂತಲ್ಲಿ ಕೂರಲಾಗದ ಚಡಪಡಿಕೆ. ಹೊರಗಿನಿಂದ ಎರಡೂ ತುಂಟತನದ ಹಾಗೇ ಕಾಣುತ್ತವೆ. ಇಂಥದ್ದೆಲ್ಲ ಕೇಳಿ, ನೋಡಿ, ಲಕ್ಷಣಗಳ ಪ್ರಶ್ನೆಪಟ್ಟಿ ತುಂಬಿಸಿಯೇ ಡಾಕ್ಟರು ತೀರ್ಮಾನಕ್ಕೆ ಬರುವುದು.

ನಾನು ಹೇಳಿದ್ದು ಇಷ್ಟು. ಇನ್ನೊಂದು ಸ್ಕ್ಯಾನ್ ಬೇಡ. ಫಿಟ್ಸ್ ಬಂದರೆ, ಕಲಿತ ಮಾತು ಹೋದರೆ, ಕೈಕಾಲು ಬಲ ಕಮ್ಮಿಯಾದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಹೊಡೆಯುವುದು ಇವತ್ತಿಗೇ ನಿಲ್ಲಲಿ. ಮಳೆ ದಿನಕ್ಕೆ ಕಿವಿಗೆ ಸದ್ದು ತಡೆಯುವ ಇಯರ್‌ಮಫ್. ಮಳೆ ಇಲ್ಲದ ದಿನ ಪೀರಿಯಡ್ ಮಧ್ಯೆ ಚಾಕ್ ತರುವ, ಪುಸ್ತಕ ಹಂಚುವ ಕೆಲಸ. ಎದ್ದೇಳಲು ಅವನಿಗೂ ಒಂದು ನೆವ ಬೇಕಲ್ವಾ.

ಮಾತ್ರೆ ನಾನು ಬರೆಯುವವಳಲ್ಲ. ಮಕ್ಕಳ ಮನೋವೈದ್ಯರ ಹತ್ತಿರ ಕಳಿಸಿದೆ, ಆದರೆ ಒಂದು ಮಾತು ಮೊದಲೇ ಹೇಳಿದೆ. ಆಟಿಸಂ ಜೊತೆ ಚಡಪಡಿಕೆ ಇರುವ ಮಕ್ಕಳಿಗೆ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಕೊಟ್ಟು ಅಮೆರಿಕದಲ್ಲಿ ನಡೆಸಿದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. 72 ಮಕ್ಕಳಲ್ಲಿ ಗುಣ ಕಂಡದ್ದು 35 ಮಕ್ಕಳಿಗೆ. ಎಡಿಎಚ್‌ಡಿ ಮಾತ್ರ ಇರುವ ಮಕ್ಕಳಿಗಿಂತ ಇದು ಕಮ್ಮಿ, ಕಿರಿಕಿರಿಯಂಥ ಅಡ್ಡಪರಿಣಾಮ ಜಾಸ್ತಿ. ಹಾಗಾಗಿ ಊಟ, ನಿದ್ದೆ, ಸಿಟ್ಟು ಮೂರನ್ನೂ ದಿನಾ ಬರೆದಿಡಿ ಅಂದೆ.

ಅತ್ತೆಗೆ ತೋರಿಸುವ ಕಾಗದಕ್ಕೂ ದಾರಿ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಆಟಿಸಂ ಮೇಲೆ ಯುಡಿಐಡಿ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡಿಗೆ ಅರ್ಜಿ ಹಾಕಿಸಿದೆ.

ನನ್ನದೂ ಒಂದು ಎಡವಟ್ಟಾಯಿತು. ಬೆಳಗಿನ ಕೆಲಸಗಳಿಗೆ ಹನ್ನೆರಡು ಚಿತ್ರಗಳ ಪಟ್ಟಿ ಮಾಡಿಕೊಟ್ಟಿದ್ದೆ. ಆಟಿಸಂಗೆ ಅದು ಚೆಂದ. ಪುಟ್ಟು ನಾಲ್ಕನೇ ಚಿತ್ರಕ್ಕೆ ಬೇಸತ್ತು ಪಟ್ಟಿ ಕಿತ್ತುಹಾಕಿದ. ಎಡಿಎಚ್‌ಡಿಯನ್ನು ನಾನೇ ಮರೆತಿದ್ದೆ! ಆಮೇಲೆ ಒಂದು ಸಲಕ್ಕೆ ಮೂರೇ ಚಿತ್ರ, ಅದರಲ್ಲಿ ಕೊನೆಯದು ಅವನೇ ಆರಿಸಿದ್ದು. ಮೊದಲ ವಾರ ಆ ಜಾಗದಲ್ಲಿ ಫ್ಯಾನ್ ಸ್ವಿಚ್ ಇತ್ತು.

ದೀಪಾವಳಿಗೆ ಮುಂಚೆ ಮತ್ತೆ ಬಂದರು. ಮಳೆ ದಿನದ ಓಟ ನಿಂತಿತ್ತು, ಚಡಪಡಿಕೆ ಇನ್ನೂ ಇತ್ತು. ಈಗ ತಂದೆಯ ಚಿಂತೆ ಬೇರೆ: ಕೊಯ್ಲು ಶುರುವಾಗುತ್ತೆ, ಅಂಗಳದ ತುಂಬ ಜನ, ಜೊತೆಗೆ ಅಡಿಕೆ ಸುಲಿಯುವ ಮೆಷಿನ್ನಿನ ಸದ್ದು. ನಾನು ಬಾಯಿ ತೆರೆಯುವ ಮೊದಲೇ ಅಂದರು, "ಮೆಷಿನ್ನು ಈ ಸಲ ಕೊಟ್ಟಿಗೆ ಆಚೆ ಹಾಕಿಸ್ತಿದೀನಿ ಮೇಡಂ. ವೈರ್ ಉದ್ದ ಎಳೀಬೇಕು, ಅಷ್ಟೇ."