ನಾಯಕರಿಲ್ಲದ ಕಡೆ ಕೋಲ್‌ಬರ್ಗ್ ಹಂತಗಳು

ಬಿಟ್‌ಕಾಯಿನ್, ಇಥೀರಿಯಂನಂಥ ಕ್ರಿಪ್ಟೋಕರೆನ್ಸಿ ಜಾಲಗಳಲ್ಲಿ ಯಜಮಾನರೇ ಇಲ್ಲ, ಅಲ್ಲಿ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಹೇಳಿದ ನೈತಿಕ ಬೆಳವಣಿಗೆಯ 6 ಹಂತಗಳನ್ನು ಗುರುತಿಸುವುದು ಹೇಗೆ ಅಂತ ಕೇಳಿದ್ದೀರಿ. ಸುಮ್ನೆ ಜನರಿಗೆ ಹಂತದ ಚೀಟಿ ಅಂಟಿಸಲು ಹೋಗಬೇಡಿ. ಅವರು ಕೊಡುವ ಕಾರಣ ನೋಡಿ. ಕೋಲ್‌ಬರ್ಗ್ ನೋಡಿದ್ದೂ ಅದನ್ನೇ.

ಒಳ್ಳೆಯ ಉದಾಹರಣೆ ಇಥೀರಿಯಂನದು. 2016ರ ಜೂನ್‌ನಲ್ಲಿ 'ದಿ ಡಿಎಒ' ಎಂಬ ಹೂಡಿಕೆ ನಿಧಿಯ ಕೋಡ್‌ನಲ್ಲಿದ್ದ ದೋಷ ಬಳಸಿ ಯಾರೋ ಸುಮಾರು 36 ಲಕ್ಷ ಈಥರ್ (ಇಥೀರಿಯಂನ ನಾಣ್ಯ) ಎಳೆದುಕೊಂಡರು. ಜುಲೈನಲ್ಲಿ ಹಾರ್ಡ್ ಫೋರ್ಕ್ ಮಾಡಿ, ಅಂದರೆ ಜಾಲದ ನಿಯಮ ಬದಲಿಸಿ ದಾಖಲೆಗಳ ಸರಣಿಯನ್ನು (ಚೈನ್) ಹೊಸ ದಾರಿಗೆ ತಿರುಗಿಸಿ, ಅದನ್ನು ಹೂಡಿದವರಿಗೆ ಮರಳಿಸುವ ದಾರಿ ಮಾಡಿದರು. ಒಪ್ಪದವರು ಹಳೇ ಚೈನ್‌ನಲ್ಲೇ ಉಳಿದರು. ಅದೇ ಇಥೀರಿಯಂ ಕ್ಲಾಸಿಕ್.

"ನನ್ನ ದುಡ್ಡು ವಾಪಸ್ ಬರಲಿ" ಅಂತ ಫೋರ್ಕ್ ಬೆಂಬಲಿಸಿದರೆ ಅದು 2ನೇ ಹಂತ, ಸ್ವಂತ ಲಾಭದ್ದು. "ಕೋಡೇ ಕಾನೂನು, ಮುಟ್ಟಬೇಡಿ" ಅನ್ನೋದು 4ನೆಯದು, ಕಾನೂನು-ವ್ಯವಸ್ಥೆ ಕಾಯುವುದು. ಅದೇ ವಿರೋಧವನ್ನೇ "ಈ ನಿಯಮಕ್ಕೆ ಒಪ್ಪಿ ಸೇರಿದ್ದೇವೆ, ಬದಲಿಸಲು ಎಲ್ಲರನ್ನೂ ಕೇಳಬೇಕು" ಅಂತ ಸಮರ್ಥಿಸಿದರೆ 5ಕ್ಕೆ, ಅಂದರೆ ಸಾಮಾಜಿಕ ಒಪ್ಪಂದದ ಹಂತಕ್ಕೆ ಏರುತ್ತದೆ. ನಿಲುವು ಒಂದೇ, ಹಂತ ಬೇರೆ!

ಇನ್ನು ನಾಯಕರೇ ಇಲ್ಲ ಅನ್ನೋದು ಅರ್ಧ ನಿಜ ಅಷ್ಟೇ. ಇಥೀರಿಯಂ ಹುಟ್ಟುಹಾಕಿದವರಲ್ಲಿ ಒಬ್ಬರಾದ ವಿಟಾಲಿಕ್ ಬುಟೆರಿನ್ ಮಾತಿಗೆ ತೂಕ ಇದ್ದೇ ಇದೆ, ಅಲ್ವಾ? ಆದರೆ ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳುವುದು ನೋಡ್ (ಜಾಲಕ್ಕೆ ಸೇರಿದ ಕಂಪ್ಯೂಟರ್) ನಡೆಸುವವರ ಇಷ್ಟ. ಹೆದರಿಸಿ ಕೆಲಸ ಆಗುವುದಿಲ್ಲ, ಒಪ್ಪಿಸಲೇಬೇಕು. ಟೋಕನ್ (ಡಿಜಿಟಲ್ ನಾಣ್ಯ) ಜಾಸ್ತಿ ಇದ್ದವರಿಗೆ ಮತವೂ ಜಾಸ್ತಿ ಅನ್ನುವ ಕಡೆ ಮಾತ್ರ ಒಪ್ಪಿಸಬೇಕೆಂಬ ಈ ಒತ್ತಡ ಸಡಿಲವಾಗುತ್ತದೆ. ನನಗೆ ಆ ಪದ್ಧತಿಯ ಮೇಲೆ ಅಷ್ಟೇನೂ ನಂಬಿಕೆಯಿಲ್ಲ.

6ನೇ ಹಂತವನ್ನು (ಸಾರ್ವತ್ರಿಕ ನೈತಿಕ ತತ್ವಗಳದ್ದು) ಸದ್ಯಕ್ಕೆ ಬಿಡಿ. ಸಾಕಷ್ಟು ಉದಾಹರಣೆ ಸಿಗದೆ ಕೋಲ್‌ಬರ್ಗ್ ಅವರೇ ಅದನ್ನು ಅಂಕ ಹಾಕುವ ಕೈಪಿಡಿಯಿಂದ ಕೈಬಿಟ್ಟಿದ್ದರು.